ಗೇರ್‌ಬಾಕ್ಸ್ ಒಂದೇ ದಿನಕ್ಕೆ ಕೆಡೋದಿಲ್ಲ: ಹಳೆಯ ಆಟೊಮ್ಯಾಟಿಕ್ ಕಾರು ಮೊದಲೇ ಕೊಡುವ ಸೂಚನೆಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ರಸ್ತೆಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ಕಾರುಗಳು ಈಗ ಅಪರೂಪವೇನಲ್ಲ. ನಾನು ನೋಡಿದವುಗಳಲ್ಲಿ ಹೆಚ್ಚಿನವು ಶೋರೂಮಿನಿಂದ ಬಂದವಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ತೇಕಿ, ಕೈ ಬದಲಾಗಿ ನಮ್ಮ ಕಡೆ ಬಂದವು. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರ್‌ನೊಂದಿಗೆ ಬಂದ ಮೇಲೆ ಆಟೊಮ್ಯಾಟಿಕ್ ಅನ್ನೋದು ಸಾಹುಕಾರರ ಸೊತ್ತಾಗಿ ಉಳಿಯಲಿಲ್ಲ. ಆ ಕಾಲದ ಕಾರುಗಳಿಗೆ ಈಗ ವಯಸ್ಸಾಗಿದೆ.

ನಮ್ಮಲ್ಲಿ ಮನೆಗೆ ಇರೋದು ಒಂದೇ ಕಾರು. ಮದುವೆಗೂ ಅದೇ, ಸಂತೆಗೂ ಅದೇ, ನಡುರಾತ್ರಿ ಆಸ್ಪತ್ರೆಗೂ ಅದೇ. ದೊಡ್ಡಾಸ್ಪತ್ರೆ ಅಂದ್ರೆ ಬಳ್ಳಾರಿ, ಇಲ್ಲವೇ ದಾವಣಗೆರೆ. ದಾರಿ ನಡುವೆ ಗೇರ್ ಕೈಕೊಟ್ಟರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಖರ್ಚಿನ ವಿಷಯಕ್ಕೆ ಬಂದರೆ, ಹಳೆಯ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿಸಿದರೆ ಕಾರಿನ ಬೆಲೆಯ ದೊಡ್ಡ ಪಾಲು ಅದೇ ನುಂಗಿಬಿಡಬಹುದು.

ಆದರೆ "ನಿನ್ನೆ ತನಕ ಚೆನ್ನಾಗೇ ಇತ್ತು, ಇದ್ದಕ್ಕಿದ್ದಂಗೆ ಕೆಡ್ತು" ಅನ್ನೋ ಮಾತನ್ನು ನಾನು ಸುಲಭಕ್ಕೆ ನಂಬೋದಿಲ್ಲ. ಗೇರ್‌ಬಾಕ್ಸ್ ಸಾಮಾನ್ಯವಾಗಿ ತಿಂಗಳುಗಟ್ಟಲೆ ಮೊದಲೇ ಹೇಳುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳೋಕೆ ಮೆಕ್ಯಾನಿಕ್ ಆಗಿರಬೇಕಿಲ್ಲ.

ಮನುಷ್ಯರ ಜಾತಿ ಬೇಡ, ಗೇರ್‌ಬಾಕ್ಸ್‌ನ ಜಾತಿ ಕೇಳಿ

ಆಟೊಮ್ಯಾಟಿಕ್ ಅನ್ನೋ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಒಂದರ ರೋಗಲಕ್ಷಣ ಇನ್ನೊಂದಕ್ಕೆ ಸಹಜ ಗುಣ.

ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ನಿಮ್ಮ ಕೈಕಾಲಿನ ಬದಲು ಆಕ್ಚುಯೇಟರ್ ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ವಾಲೋದು ಇದರ ಹುಟ್ಟುಗುಣ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರ್‌ಗೆ ದಾಟುತ್ತದೆ, ಇದು ನಯವಾಗಿರಲೇಬೇಕು. ಸಿವಿಟಿಯಲ್ಲಿ ಮೆಟ್ಟಿಲಿನಂಥ ಗೇರ್‌ಗಳಿಲ್ಲ, ಎರಡು ಪುಲ್ಲಿಗಳ ನಡುವೆ ಒಂದು ಉಕ್ಕಿನ ಬೆಲ್ಟ್ ಓಡುತ್ತದೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೊದಲು ಕೂಗಿ ಗಾಡಿ ಆಮೇಲೆ ಓಡೋದು ಇಲ್ಲಿ ಸಹಜ. ಡಿಸಿಟಿಯಲ್ಲಿ ಎರಡು ಕ್ಲಚ್: ಬೆಸ ಸಂಖ್ಯೆಯ ಗೇರ್‌ಗಳಿಗೆ ಒಂದು, ಸಮ ಸಂಖ್ಯೆಯವಕ್ಕೆ ಇನ್ನೊಂದು.

ನಿಮ್ಮದು ಯಾವುದು ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಅದು ಗೊತ್ತಿಲ್ಲದೆ ಮುಂದಿನ ಯಾವ ಮಾತೂ ಉಪಯೋಗಕ್ಕೆ ಬರೋದಿಲ್ಲ.

ಬೆಳಗಿನ ಎರಡು ನಿಮಿಷ

ರಾತ್ರಿಯಿಡೀ ನಿಂತ ಕಾರೇ ಸತ್ಯ ಹೇಳೋದು. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಡಿ. ಬ್ರೇಕ್ ಗಟ್ಟಿಯಾಗಿ ಒತ್ತಿ, ಎನ್‌ನಿಂದ ಡಿಗೆ ಹಾಕಿ, ಮನಸ್ಸಲ್ಲೇ ಎಣಿಸಿ. ಸೆಕೆಂಡು, ಹೆಚ್ಚೆಂದರೆ ಎರಡರೊಳಗೆ ಗೇರ್ ಹಿಡಿದದ್ದು ಗೊತ್ತಾಗಬೇಕು. ಮತ್ತೆ ಎನ್, ನಂತರ ಆರ್. ಹಿಡಿಯೋಕೆ ಮೂರು-ನಾಲ್ಕು ಸೆಕೆಂಡು ಹಿಡಿದರೆ, ಅಥವಾ ಧಡ್ ಅಂತ ಏಟು ಬಿದ್ದರೆ ಗಮನ ಕೊಡಿ. ತಣ್ಣಗಿದ್ದಾಗ ತಡ, ಬಿಸಿಯಾದ ಮೇಲೆ ಸರಿ ಅನ್ನೋದನ್ನೂ "ಪರವಾಗಿಲ್ಲ" ಅಂತ ಬಿಡಬೇಡಿ. ಎಣ್ಣೆಯ ಒತ್ತಡ ಕಡಿಮೆಯಾಗ್ತಿರುವ ಮೊದಲ ಸುಳಿವು ಹೀಗೇ ಬರೋದು.

ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟು ಹಾಸಿಡಿ. ನೀರು ಬಿದ್ದಿದ್ದರೆ ಅದು ಬಹುತೇಕ ಎಸಿಯದ್ದು. ಕೆಂಪು ಅಥವಾ ಕಂದು ಬಣ್ಣದ ಜಿಡ್ಡು ಬಿದ್ದಿದ್ದರೆ ಗೇರ್‌ಬಾಕ್ಸ್ ಕಡೆ ನೋಡಿಸಿ.

ರಸ್ತೆಯಲ್ಲಿ ಏನನ್ನು ಗಮನಿಸಬೇಕು

ಮೊದಲನೆಯದು ಜಾರುವಿಕೆ. ಕೂಡ್ಲಿಗಿಯಿಂದ ಹೊಸಪೇಟೆ ಕಡೆ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಏರು ಸಿಕ್ಕಾಗ ಆರ್‌ಪಿಎಂ ಮುಳ್ಳು ನೋಡಿ. ಮುಳ್ಳು ಏರಿತು, ಸದ್ದು ಏರಿತು, ಸ್ಪೀಡ್ ಮಾತ್ರ ಏರಲಿಲ್ಲ ಅಂದರೆ ಒಳಗೆ ಕ್ಲಚ್ ಜಾರುತ್ತಿದೆ. ನಮ್ಮವರು ಇದನ್ನೇ "ಪಿಕಪ್ ಹೋಗೈತಿ" ಅಂತ ಪೆಟ್ರೋಲ್ ಮೇಲೆ, ಪ್ಲಗ್ ಮೇಲೆ ತಪ್ಪು ಹೊರಿಸಿ ಸುಮ್ಮನಾಗೋದು.

ಎರಡನೆಯದು ನಡುಕ. ಟಾರ್ಕ್ ಕನ್ವರ್ಟರ್ ಕಾರು 50-70ರ ವೇಗದಲ್ಲಿ ಹಗುರ ಆಕ್ಸಿಲರೇಟರ್‌ನಲ್ಲಿ ಹೋಗುವಾಗ, ಸಾಲು ಸಾಲು ಉಬ್ಬುಗೆರೆಗಳ ಮೇಲೆ ಹಾದಂತೆ ಕೆಲವು ಕ್ಷಣ ನಡುಗಿದರೆ, ಅದು ಲಾಕಪ್ ಕ್ಲಚ್‌ನ ದೂರು. ಈ ಹಂತದಲ್ಲಿ ಸರಿಯಾದ ಎಣ್ಣೆ ಬದಲಾಯಿಸಿದರೇ ಎಷ್ಟೋ ಸಲ ಸರಿಹೋಗುತ್ತದೆ. ಬಿಟ್ಟರೆ ಖರ್ಚು ಹಲವು ಪಟ್ಟು. ಡಿಸಿಟಿ ಮತ್ತು ಎಎಂಟಿಯಲ್ಲಿ ನಡುಕ ನಿಂತಲ್ಲಿಂದ ಹೊರಡುವಾಗ ಬರುತ್ತದೆ. ಅದು ಸವೆದ ಕ್ಲಚ್.

ಮೂರನೆಯದು ಗೇರ್ ಕಾಣೆಯಾಗೋದು. ಡಿಸಿಟಿಯಲ್ಲಿ ಎರಡು, ನಾಲ್ಕು, ಆರು ಒಟ್ಟಿಗೇ ಸಿಗದಿದ್ದರೆ ಒಂದು ಬದಿಯೇ ಸೋತಿದೆ. ಎಎಂಟಿಯಲ್ಲಿ ಎನ್ ಅಕ್ಷರ ಮಿಣುಕಿ, ಗೇರ್ ಬೀಳದೆ ಗಾಡಿ ನಿಂತರೆ ಆಕ್ಚುಯೇಟರ್ ಅಥವಾ ಕ್ಲಚ್. ಯಾವುದೇ ಆಟೊಮ್ಯಾಟಿಕ್ ಒಂದೇ ಗೇರ್‌ನಲ್ಲಿ ಸಿಕ್ಕಿಕೊಂಡು ನಿಧಾನಕ್ಕೆ ಮಾತ್ರ ಓಡುತ್ತಿದ್ದರೆ, ಕಂಪ್ಯೂಟರೇ ಗೇರ್‌ಬಾಕ್ಸ್ ಉಳಿಸಿಕೊಳ್ಳೋಕೆ ಹಾಗೆ ಮಾಡಿದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋದಂತೆ ಕಾಣುತ್ತೆ. ಸರಿಹೋಗಿರೋದಿಲ್ಲ.

ಹಾಗಂತ ಎಲ್ಲ ಜರ್ಕ್ ಗೇರ್‌ಬಾಕ್ಸಿನದ್ದಲ್ಲ. ಹರಿದ ಎಂಜಿನ್ ಮೌಂಟ್, ಕೆಟ್ಟ ಪ್ಲಗ್ ಕೂಡ ಹಾಗೇ ಆಡಿಸುತ್ತವೆ. ಬ್ಯಾಟರಿ ಸೋತರೆ ಎಎಂಟಿಗೆ ಹುಚ್ಚು ಹಿಡಿದಂತಾಗುತ್ತೆ. ಕಡಿಮೆ ಖರ್ಚಿನ ಇವನ್ನೆಲ್ಲ ಮೊದಲು ನೋಡದೆ ಯಾರಿಗೂ ಗೇರ್‌ಬಾಕ್ಸ್ ಇಳಿಸೋಕೆ ಬಿಡಬೇಡಿ.

ಎಣ್ಣೆ, ಬಿಸಿಲು, ಜಾತ್ರೆ, ಟ್ರಾಕ್ಟರ್

"ಸರ್, ಇದಕ್ಕೆ ಲೈಫ್‌ಟೈಮ್ ಆಯಿಲ್, ಬದಲಾಯಿಸೋ ಹಾಗೇ ಇಲ್ಲ" ಅಂತ ಒಂದು ಸರ್ವೀಸ್ ಸೆಂಟರಿನಲ್ಲಿ ನನಗೂ ಹೇಳಿದ್ದರು. ಯಾರ ಲೈಫು ಅಂತ ಕೇಳಿದರೆ ಉತ್ತರ ಇರಲಿಲ್ಲ. ಎಣ್ಣೆಗೆ ಶತ್ರು ಬಿಸಿ, ನಮ್ಮ ಬಯಲುಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಬಿಸಿಲು, ಧೂಳು, ಹೆಚ್ಚು ಭಾರ ಇರುವಲ್ಲಿ ಬೇಗ ಬದಲಾಯಿಸಿ ಅಂತ ಎಷ್ಟೋ ಕಂಪನಿಗಳ ಪುಸ್ತಕದಲ್ಲೇ ಬರೆದಿರುತ್ತದೆ, ಓದಿ. ಟಾರ್ಕ್ ಕನ್ವರ್ಟರ್‌ನ ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಗೆ ಇರುತ್ತೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ತಡವಾಗಿದೆ ಅಂತಲೇ ಅರ್ಥ. ಸಿವಿಟಿಗೆ ಸಿವಿಟಿ ಎಣ್ಣೆಯೇ ಬೇಕು. "ಎಲ್ಲಾ ಒಂದೇ" ಅಂತ ಮಾಮೂಲಿ ಎಟಿಎಫ್ ಸುರಿದರೆ ಬೆಲ್ಟ್ ಹಾಳು.

ಕೊಟ್ಟೂರೇಶ್ವರನ ತೇರಿಗೋ ಮೈಲಾರದ ಕಾರಣಿಕಕ್ಕೋ ಏಳು ಜನರನ್ನು ತುಂಬಿಕೊಂಡು ಹೋಗಿ, ಜನಜಂಗುಳಿಯಲ್ಲಿ ಇಂಚಿಂಚೇ ತೆವಳೋದು ಎಎಂಟಿ, ಡಿಸಿಟಿ ಕ್ಲಚ್‌ಗೆ ದೊಡ್ಡ ಶಿಕ್ಷೆ. ಮುಂದೆ ಜಾಗ ಆಗುವ ತನಕ ಬ್ರೇಕ್ ಹಿಡಿದು ನಿಂತು, ಒಮ್ಮೆಲೆ ಸಾಗಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ತಡೆದು ನಿಲ್ಲಿಸೋದು ಬೇಡವೇ ಬೇಡ.

ಕೆಟ್ಟು ನಿಂತರೆ ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಎಂಜಿನ್ ನಿಂತರೆ ಎಣ್ಣೆ ಪಂಪೂ ನಿಲ್ಲುತ್ತೆ. ಚಕ್ರ ತಿರುಗಿದಷ್ಟೂ ಒಳಗೆ ಒಣಗಿ ಉಜ್ಜುತ್ತೆ. ಎಂಜಿನ್ ಬಲ ಹೋಗುವ ಚಕ್ರಗಳನ್ನು ನೆಲದಿಂದ ಎತ್ತಬೇಕು, ಇಲ್ಲವೇ ಇಡೀ ಕಾರನ್ನು ಗಾಡಿ ಮೇಲೆ ಹೇರಬೇಕು.

ಮೆಕ್ಯಾನಿಕ್‌ಗೆ ಬರೋದಿಲ್ವೋ, ಬರಗೊಡೋದಿಲ್ವೋ?

ಇಷ್ಟು ಓದಿದವರು ಕೇಳೋ ಪ್ರಶ್ನೆ ನನಗೆ ಗೊತ್ತು: "ಸೂಚನೆ ಗೊತ್ತಾಯ್ತು, ನಮ್ಮೂರಲ್ಲಿ ರಿಪೇರಿ ಮಾಡೋರು ಎಲ್ಲಿ?" ಎಎಂಟಿಯ ಕ್ಲಚ್ ಪ್ಲೇಟ್ ಬದಲಾಯಿಸೋ ಕೈಚಳಕ ನಮ್ಮ ಗ್ಯಾರೇಜುಗಳಲ್ಲಿ ಇದೆ. ಆದರೆ ಹೊಸ ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಕಂಪ್ಯೂಟರಿಗೆ ಕಲಿಸಬೇಕು, ಅದಕ್ಕೆ ಸ್ಕ್ಯಾನರ್ ಬೇಕು. ಸ್ಟೇರಿಂಗ್ ಕೆಳಗಿನ ಓಬಿಡಿ ಪ್ಲಗ್‌ಗೆ ಅಗ್ಗದ ಬ್ಲೂಟೂತ್ ರೀಡರ್ ಹಾಕಿ ಪಿ0700 ಎಂಬ ಕೋಡ್ ಬಂದರೆ ಗೇರ್‌ಬಾಕ್ಸ್ ಕಂಪ್ಯೂಟರ್ ದೂರು ಬರೆದಿದೆ ಅಂತ ತಿಳಿಯುತ್ತೆ. ಏನು ದೂರು ಅನ್ನೋ ವಿವರಕ್ಕೆ ಎಷ್ಟೋ ಸಲ ಕಂಪನಿಯ ಉಪಕರಣವೇ ಬೇಕು.

ಇದು ನಮ್ಮ ಹುಡುಗರ ದಡ್ಡತನ ಅಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಕೈಪಿಡಿ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ಅಪರಾಧ. ದಂಡದ ವಿಚಾರ ಮೇಲ್ಮನವಿಗೆ ಹೋಯಿತು. ರಿಪೇರಿ ಹಕ್ಕಿನ ಹೆಸರಿನಲ್ಲಿ ಕೇಂದ್ರದ ಗ್ರಾಹಕ ಇಲಾಖೆ 2022ರ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ಇದೆ, ಕಂಪನಿಗಳನ್ನು ಕಟ್ಟಿಹಾಕುವ ರಿಪೇರಿ ಹಕ್ಕಿನ ಕಾನೂನು ಬೇಕು.

"ನೀವು ಓಡಿಸೋದೇ ಸರಿಯಿಲ್ಲ" ಅನ್ನೋ ಮಾತಿಗೂ ಹೆದರಬೇಡಿ. ಆಸ್ಟ್ರೇಲಿಯಾದಲ್ಲಿ ಪವರ್‌ಶಿಫ್ಟ್ ಡಿಸಿಟಿ ನಡುಗುತ್ತೆ ಅಂದವರಿಗೆ ಫೋರ್ಡ್ ಇದೇ ಉತ್ತರ ಕೊಟ್ಟಿತ್ತು. 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಕಾರು ಎಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಆನ್‌ಲೈನಿನಲ್ಲೂ ಆಗುತ್ತೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಡುವು ಎರಡು ವರ್ಷ. 371-ಜೆ ಸೌಲಭ್ಯಕ್ಕಾಗಿ ಹೋರಾಡಿ ತಾಲ್ಲೂಕನ್ನೇ ಬಳ್ಳಾರಿಗೆ ವಾಪಸ್ ತಂದ ಹರಪನಹಳ್ಳಿಯವರಿಗೆ, ಕೇಳದೆ ಏನೂ ಸಿಗೋದಿಲ್ಲ ಅಂತ ನಾನು ಹೇಳಿಕೊಡಬೇಕಿಲ್ಲ.

ಹಳೆಯ ಆಟೊಮ್ಯಾಟಿಕ್ ಕೊಳ್ಳೋಕೆ ಹೊರಟಿದ್ದರೆ, ಎಂಜಿನ್ ತಣ್ಣಗಿರುವಾಗಲೇ ತೋರಿಸಿ ಅಂತ ಪಟ್ಟು ಹಿಡಿಯಿರಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಅರ್ಧ ಗಂಟೆಯಾದರೂ ಓಡಿಸಿ, ಗೇರ್‌ಬಾಕ್ಸ್ ಸ್ಕ್ಯಾನ್ ಮಾಡಿಸಿ, ಎಣ್ಣೆ ಬದಲಾಯಿಸಿದ ಬಿಲ್ ಕೇಳಿ.

ಈಗಾಗಲೇ ನಿಮ್ಮ ಬಳಿ ಇದ್ದರೆ ನಾಳೆ ಬೆಳಿಗ್ಗೆಯೇ ಡಿಗೆ ಹಾಕಿ ಎಣಿಸಿ. ಏನೇ ಕಂಡರೂ ತಾರೀಖು, ಕಿಲೋಮೀಟರ್, ತಣ್ಣಗಿತ್ತೋ ಬಿಸಿಯಿತ್ತೋ ಅನ್ನೋದನ್ನು ಬರೆದಿಡಿ, ಮೊಬೈಲಿನಲ್ಲಿ ಮೀಟರಿನ ವಿಡಿಯೊ ತೆಗೆದಿಡಿ. ಅದು ಮೆಕ್ಯಾನಿಕ್‌ಗೆ ದಾರಿ ತೋರಿಸುತ್ತೆ. ಕಂಪನಿ ಮಾತು ತಪ್ಪಿಸಿದರೆ ಆಯೋಗದ ಮುಂದೆ ಅದೇ ನಿಮ್ಮ ಸಾಕ್ಷಿ.