ಭೂಮಿ ಕೊಳ್ಳುವ ಹೊಸಬರಿಗೆ ಸಲಹೆ ಹೇಳುವವರಾರು?

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಿತು. ಗದಗ-ವಾಡಿ ಮಾರ್ಗದ ತಳಕಲ್-ಕುಷ್ಟಗಿ ಭಾಗವು ತೆರೆದುದು ಈ ಸೀಮೆಯವರ ಬಹುಕಾಲದ ಬೇಡಿಕೆಯ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳಿ ಬಂದಲ್ಲಿಗೆ ದಲಾಲರೂ ಬರುವರು. ಸಂಬಳದಲ್ಲಿ ಉಳಿಸಿದ ಹಣವನ್ನು ನಿವೇಶನದಲ್ಲಿಯೋ ಹೊಲದಲ್ಲಿಯೋ ತೊಡಗಿಸಲಿಚ್ಛಿಸುವ ನೌಕರರೂ, ಉಪಾಧ್ಯಾಯರೂ, ಸಣ್ಣ ವರ್ತಕರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಅನೇಕರಿದ್ದಾರೆ. ಇವರು ಮೊಟ್ಟಮೊದಲು ಸಲಹೆ ಕೇಳುವುದು ಯಾರನ್ನು? ಮಾರಾಟವಾದರೆ ಮಾತ್ರ ಯಾರಿಗೆ ದಲಾಲಿ ದೊರೆಯುವುದೋ ಅವರನ್ನು! ದಲಾಲರೆಲ್ಲರೂ ವಂಚಕರೆಂದು ನಾವು ಹೇಳುವವರಲ್ಲ. ಪೇಟೆಯ ಬೆಲೆಯನ್ನೂ ಮಾರುವವನ ಅಡಚಣೆಯನ್ನೂ ಅವರಷ್ಟು ಬಲ್ಲವರು ವಿರಳ. ಆದರೆ "ಇದನ್ನು ಕೊಳ್ಳಬೇಡಿರಿ" ಎಂಬ ಮಾತನ್ನು ಅವರ ಬಾಯಿಂದ ನಿರೀಕ್ಷಿಸುವುದು ಅವರ ಹೊಟ್ಟೆಯ ಮೇಲೆ ಅನ್ಯಾಯವಾದೀತು.

ಗಂಗಾವತಿ ತಾಲೂಕಿನ ವಿರೂಪಾಪುರಗಡ್ಡೆಯ ವೃತ್ತಾಂತವನ್ನು ಹೊಸಬರು ತಿಳಿದಿರುವುದು ಅವಶ್ಯ. ಹಂಪಿಗೆ ಇದಿರಾಗಿ ತುಂಗಭದ್ರೆಯ ನಡುವೆ ಇರುವ ಈ ನಡುಗಡ್ಡೆಯಲ್ಲಿ ಪ್ರವಾಸಿಗರ ಕಾಸನ್ನು ನಂಬಿ ವಸತಿಗೃಹಗಳೂ ಉಪಾಹಾರಗೃಹಗಳೂ ಎದ್ದವು. ಆ ನೆಲವಾದರೋ 1988ರ ಅಧಿಸೂಚನೆಯಿಂದಲೇ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದಿತು. ವ್ಯಾಜ್ಯವು ವರ್ಷಾನುವರ್ಷ ನಡೆದು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೆರವಿನ ಆಜ್ಞೆಯನ್ನು ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಕಟ್ಟಡಗಳು ನೆಲಸಮವಾದವು. ಸ್ವಂತ ಜಮೀನೆಂಬ ವಾದವು ಅವುಗಳನ್ನು ಉಳಿಸಲಿಲ್ಲ. ನೆಲದ ಒಡೆತನವೇ ಬೇರೆ, ಆ ನೆಲದ ಮೇಲೆ ಏನು ಮಾಡಬಹುದೆಂಬ ಅಧಿಕಾರವೇ ಬೇರೆ. ಆನೆಗೊಂದಿ, ಅಂಜನಾದ್ರಿಗಳ ಸುತ್ತ ಇಂದು ಭೂಮಿ ಹುಡುಕುವವರು ಖರೀದಿಯ ಮಾತಿಗಿಂತ ಮೊದಲು ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ವಿಚಾರಿಸತಕ್ಕದ್ದು.

2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಇದನ್ನೇ ಹಿಡಿದು ಹೊಲವನ್ನು ತುಂಡು ಮಾಡಿ ನಿವೇಶನವೆಂದು ಮಾರುವವರಿದ್ದಾರೆ. ಎನ್.ಎ. ಆಗದ ಹೊಲವು ಕಲ್ಲು ನೆಟ್ಟ ಮಾತ್ರಕ್ಕೆ ನಿವೇಶನವಾಗದು. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರಿಗೆ ಮೀರಿದ ಲೇಔಟನ್ನು ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸದೆ ಜಾಹೀರುಪಡಿಸುವಂತೆಯೂ ಇಲ್ಲ. ಅಂಥದನ್ನು ಮಾರಿಸುವ ದಲಾಲನೂ ನೋಂದಾಯಿತನಾಗಿರಬೇಕು. ನೋಂದಾಯಿತ ಕರಾರಿಲ್ಲದೆ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡವನ್ನು ಕೇಳುವ ಅಧಿಕಾರ ಮಾರುವವನಿಗಿಲ್ಲ. ಇದನ್ನು ಅರಿತು ನಡೆದವರು ಎಷ್ಟು ಮಂದಿ?

ಹಾಗಾದರೆ ಸಲಹೆಯನ್ನು ಎಲ್ಲಿ ಪಡೆಯಬೇಕು? ಮಾರುವವನ ವಕೀಲರಲ್ಲದ, ತಾನೇ ಫೀಸು ಕೊಟ್ಟು ಗೊತ್ತುಮಾಡಿಕೊಂಡ ವಕೀಲರಲ್ಲಿ. ಅವರು ಪಹಣಿಯನ್ನೂ ಋಣಭಾರ ಪ್ರಮಾಣಪತ್ರವನ್ನೂ ನೋಡುವುದಷ್ಟೇ ಅಲ್ಲ, ಮೂಲದಲ್ಲಿ ಆ ಜಮೀನು ಯಾರಿಗೆ ಹೇಗೆ ಬಂದಿತೆಂಬುದನ್ನು ಕೆದಕುವರು. ಪರಿಶಿಷ್ಟ ಜಾತಿ-ಪಂಗಡದವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯಾಗಿದ್ದರೆ, 1978ರ ಕಾಯಿದೆಯಂತೆ ಸರಕಾರದ ಅನುಮತಿಯಿಲ್ಲದ ಖರೀದಿಯು ಅಸಿಂಧು. ಭೂಮಿಯನ್ನು ಮರಳಿ ಕೇಳುವುದಕ್ಕೆ ಕಾಲಮಿತಿಯಿಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಬಡವನ ನೆಲವನ್ನು ಕಾಯುವ ಈ ಕಾಯಿದೆಯು ನ್ಯಾಯವಾದುದು. ಪಿತ್ರಾರ್ಜಿತ ಹೊಲವಾದರೆ ಹೆಣ್ಣುಮಕ್ಕಳಿಗೂ 2005ರ ತಿದ್ದುಪಡಿಯಿಂದ ಸಮಭಾಗವುಂಟು. ಅಣ್ಣತಮ್ಮಂದಿರ ಸಹಿಯಾಯಿತೆಂದು ನಿಶ್ಚಿಂತರಾದವರನ್ನು ಅಕ್ಕತಂಗಿಯರು ಕೋರ್ಟಿಗೆಳೆದರೆ ಆಶ್ಚರ್ಯವೇನು? ಬರಿಯ ಮುಖ್ತಿಯಾರ ಪತ್ರದ ಮೇಲಿನ ಮಾರಾಟದಿಂದ ಒಡೆತನ ಬಾರದೆಂದು 2011ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ.

ಇನ್ನೊಬ್ಬ ಸಲಹೆಗಾರನುಂಟು, ಅವನಿಗೆ ಫೀಸು ಬೇಡ. ಅವನೇ ಪಕ್ಕದ ಹೊಲದ ಒಕ್ಕಲಿಗ. ಬದುವಿನ ತಕರಾರು, ಹಳ್ಳದ ನೀರು ನುಗ್ಗುವ ಕಡೆ, ಎಡದಂಡೆ ಕಾಲುವೆಯ ನೀರು ಕೊನೆಯ ಭಾಗಕ್ಕೆ ಎಷ್ಟು ಸಲ ತಲುಪಿತೆಂಬುದು, ಇವಾವುವೂ ಪಹಣಿಯಲ್ಲಿ ಕಾಣವು. ಗಂಗಾವತಿಯ ಭತ್ತದ ಗದ್ದೆಯ ಬೆಲೆಯೆಲ್ಲ ನೀರಿನ ಬೆಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರು ನಿದ್ದೆಗೆಟ್ಟುದು ಇದಕ್ಕಾಗಿಯೇ. ಮಳೆಯನ್ನೇ ನಂಬಿದ ಯಲಬುರ್ಗಾದ ಎರೆಹೊಲಕ್ಕೆ ಬೇರೆಯೇ ಲೆಕ್ಕ. ಸಂಚಕಾರ ಕೊಡುವ ಮುನ್ನ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ, ದಲಾಲನನ್ನು ಬಿಟ್ಟು ಒಬ್ಬರೇ ಹೋಗಿ ಆ ಒಕ್ಕಲಿಗನ ಕಟ್ಟೆಯ ಮೇಲೆ ಕುಳಿತು ಬನ್ನಿರಿ. ಆಮೇಲೆ ಸರ್ವೆ ಇಲಾಖೆಗೆ ಹದ್ದುಬಸ್ತಿನ ಅರ್ಜಿಯನ್ನು ಮಾರುವವನಿಂದಲೇ ಹಾಕಿಸಿರಿ.