169.254 ಎಂಬ ನಂಬರ್ ಬಂದರೆ ಮನೆಯ ಸರ್ವರ್ ಹ್ಯಾಕ್ ಆಗಿದೆಯೇ?

"ಕಂಪ್ಯೂಟರಿನ ಐಪಿ ವಿಳಾಸ 169.254 ಎಂದು ಶುರುವಾದರೆ ಹ್ಯಾಕ್ ಆಗಿದೆ ಎಂದರ್ಥ, ತಕ್ಷಣ ಫಾರ್ಮ್ಯಾಟ್ ಮಾಡಿಸಿ." ಅರಸೀಕೆರೆಯ ನಮ್ಮ ಸೋದರಮಾವ ಈ ಮೆಸೇಜ್ ಫಾರ್ವರ್ಡ್ ಮಾಡಿ, ಹಿಂದೆಯೇ ಫೋನ್ ಮಾಡಿದರು. "ನಮ್ಮದರಲ್ಲೂ ಅದೇ ನಂಬರ್ ತೋರಿಸ್ತಿದೆ ಕಣೋ. ಅಳಿಸಿಬಿಡಲಾ?"

ಬೇಡ ಮಾವ, ಮುಟ್ಟಬೇಡಿ ಎಂದೆ. ಅವರ ಮನೆಯ ಹಳೇ ಕಂಪ್ಯೂಟರೇ ಸರ್ವರ್. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಹೆಚ್ಚುಕಡಿಮೆ ವರ್ಷ ಅಲ್ಲೇ ಇರುತ್ತದೆ. ಅದನ್ನು ಕಾಯುವ ಕ್ಯಾಮೆರಾದ ರೆಕಾರ್ಡಿಂಗ್, ಜೊತೆಗೆ ಮಗಳ ಮದುವೆ ಫೋಟೋಗಳೆಲ್ಲ ಅದರಲ್ಲೇ ಇವೆ. ಫಾರ್ಮ್ಯಾಟ್ ಮಾಡಿಸಿದ್ದರೆ ಅಷ್ಟೂ ಹೋಗುತ್ತಿತ್ತು.

ಹಾಗಾದರೆ ಆ ನಂಬರ್ ಏನು?

ಬೇಲೂರು, ಹಳೇಬೀಡಿನ ಗುಡಿಗೆ ಹೋದಾಗ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಳ್ಳುವುದನ್ನು ನೆನೆಸಿಕೊಳ್ಳಿ. ಟೋಕನ್ ಕೊಡುವವನು ಒಬ್ಬನೇ. ಹಿಂದಿರುಗಿಸಿದ ನಂಬರ್ ಇನ್ನೊಬ್ಬರಿಗೆ ಹೋಗುತ್ತದೆ. ಮನೆಯಲ್ಲಿ ಆ ಕೆಲಸ ರೂಟರ್‌ನದು. ಫೋನ್, ಟಿವಿ, ಸರ್ವರ್ ಯಾವುದೇ ಬಂದರೂ 192.168.1.27 ಥರದ ಒಂದು ನಂಬರನ್ನು ಇಂತಿಷ್ಟು ಹೊತ್ತಿಗೆಂದು ಕೊಡುತ್ತದೆ. ಈ ಏರ್ಪಾಟಿನ ಹೆಸರು ಡಿಎಚ್‌ಸಿಪಿ, 1993ರಿಂದ ಬಳಕೆಯಲ್ಲಿದೆ.

ಕೌಂಟರಿನಲ್ಲಿ ಯಾರೂ ಇಲ್ಲದಿದ್ದರೆ? ಕಂಪ್ಯೂಟರ್ ಸ್ವಲ್ಪ ಕಾದು, ತಾನೇ ಒಂದು ನಂಬರ್ ಬರೆದುಕೊಳ್ಳುತ್ತದೆ. ಅದೇ 169.254. "ಕೇಳಿದೆ, ಯಾರೂ ಉತ್ತರ ಕೊಡಲಿಲ್ಲ" ಎಂದಷ್ಟೇ ಅದರ ಅರ್ಥ. ಆಂಡ್ರಾಯ್ಡ್ ಫೋನ್ ಆದರೆ ಈ ನಂಬರ್ ಕಾಣುವುದಿಲ್ಲ, 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎಂದು ಸುತ್ತುತ್ತಲೇ ಇರುತ್ತದೆ.

ಮಾವನ ಮನೆಯಲ್ಲಿ ಆದದ್ದು ಕರೆಂಟಿನ ಕಥೆ. ಹೋದ ಕರೆಂಟ್ ಬಂದಾಗ ಕಂಪ್ಯೂಟರ್, ರೂಟರ್ ಎರಡೂ ಒಟ್ಟಿಗೆ ಎದ್ದವು. ಕಂಪ್ಯೂಟರ್ ಬೇಗ ಎದ್ದು ನಂಬರ್ ಕೇಳಿತು; ರೂಟರ್ ಇನ್ನೂ ತಯಾರಾಗಿರಲಿಲ್ಲ. ವಿಂಡೋಸ್ ಆದರೆ ಐದು ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತದೆ. ಎಲ್ಲ ಸರ್ವರ್‌ಗಳೂ ಹಾಗೆ ಬಿಡದೆ ಕೇಳುವುದಿಲ್ಲ. ರೂಟರಿನ ದೀಪಗಳು ನಿಂತ ಮೇಲೆ ಲ್ಯಾನ್ ಕೇಬಲ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಹಾಕಲು ಹೇಳಿದೆ. ನಂಬರ್ ಬಂತು. ರೂಟರ್‌ಗೊಂದು ಸಣ್ಣ ಯುಪಿಎಸ್ ಹಾಕಿದರೆ ಈ ರಗಳೆ ಬಹುಪಾಲು ತಪ್ಪುತ್ತದೆ. ಕೇಬಲ್ ಹಾಳಾಗಿದ್ದರೂ ಇದೇ ನಂಬರ್ ಬರಬಹುದು, ಅದನ್ನೂ ಬದಲಿಸಿ ನೋಡಿ.

ಇನ್ನೊಂದು ತೊಂದರೆ ಹಿಡಿಯುವುದು ಕಷ್ಟ. ಹಿಂದಿನ ಕೋಣೆಗೂ ವೈಫೈ ಸಿಗಲೆಂದು ಹಳೇ ರೂಟರನ್ನು ಕೇಬಲ್‌ನಿಂದ ಸೇರಿಸಿರುತ್ತೇವೆ. ಆಗ ಟೋಕನ್ ಕೊಡುವವರು ಇಬ್ಬರಾಗುತ್ತಾರೆ! ಯಾರು ಮೊದಲು ಕೂಗುತ್ತಾರೋ ಅವರದ್ದೇ ನಂಬರ್. ಇವತ್ತು ಸರಿ, ನಾಳೆ ಇಲ್ಲ. ಮನೆಯ ಬೇರೆಲ್ಲ ಸಾಧನಗಳದ್ದು 192.168.1 ಆಗಿ, ಸರ್ವರ್‌ನದು ಮಾತ್ರ 192.168.0 ಎಂದಿದ್ದರೆ ಗುಮಾನಿ ಇದರ ಮೇಲೆ. ಹಳೇ ರೂಟರಿನ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ.

'ಸ್ಟ್ಯಾಟಿಕ್ ಐಪಿ ಹಾಕಿಬಿಡಿ, ಎಲ್ಲ ಸರಿಹೋಗುತ್ತೆ' ಎಂಬ ಸಲಹೆಯೂ ಓಡಾಡುತ್ತದೆ. ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಸತ್ಯ. 27ನೇ ನಂಬರನ್ನು ನೀವೇ ಬರೆದುಕೊಂಡರೆ ರೂಟರ್‌ಗೆ ಅದು ಗೊತ್ತಾಗದೆ, ಅದೇ ನಂಬರನ್ನು ನೆಂಟರ ಫೋನಿಗೂ ಕೊಟ್ಟೀತು. ಆಗ ಎರಡೂ ಒದ್ದಾಡುತ್ತವೆ. ಅದರ ಬದಲು ರೂಟರ್‌ನಲ್ಲೇ 'ಅಡ್ರೆಸ್ ರಿಸರ್ವೇಶನ್' ಎಂಬಲ್ಲಿ ಸರ್ವರಿನ ಮ್ಯಾಕ್ ಅಡ್ರೆಸ್ ಸೇರಿಸಿ, 27 ಇದಕ್ಕೇ ಮೀಸಲು ಎಂದು ಹೇಳಿ. ಕ್ಯಾಮೆರಾ ಆ್ಯಪ್ ಪ್ರತಿದಿನ ಅದೇ ನಂಬರಿನಲ್ಲಿ ಸರ್ವರನ್ನು ಹುಡುಕಿಕೊಳ್ಳುತ್ತದೆ.

ಹ್ಯಾಕ್‌ನ ಭಯವಿದ್ದರೆ, ಆ ಸೆಟ್ಟಿಂಗ್ ಪುಟಕ್ಕೆ ಹೋದಾಗ ರೂಟರಿನ ಪಾಸ್‌ವರ್ಡ್ ನೋಡಿ. ಮಾವನ ರೂಟರ್‌ನಲ್ಲಿ ಅದು ಇನ್ನೂ 'ಅಡ್ಮಿನ್' ಅಂತಲೇ ಇತ್ತು. ಅದನ್ನು ಅವತ್ತೇ ಬದಲಿಸಿದೆವು.