ಒಂದೇ ಪೆಟ್ಟಿಗೆಯಲ್ಲಿ ಮೂರು ಸಂಸಾರ

ಚನ್ನಪಟ್ಟಣದ ನಮ್ಮ ಮನೆಯ ಹಿಂಬದಿಯಲ್ಲಿ ಅಪ್ಪ ಆಲೆಮರದ ಗೊಂಬೆಗಳಿಗೆ ಅರಗಿನ ಬಣ್ಣ ಹಿಡಿಸುತ್ತಾರೆ. ನಡುಮನೆಯ ಅಟ್ಟದ ಮೇಲೆ ನನ್ನ ಹಳೆಯ ಕಂಪ್ಯೂಟರ್ ಇದೆ. ಅದಕ್ಕೆ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ಹಾಕಿದ್ದೇನೆ. ಆ ಒಂದೇ ಯಂತ್ರದೊಳಗೆ ಮೂರು ಕಂಪ್ಯೂಟರ್‌ಗಳು ಬೇರೆಬೇರೆಯಾಗಿ ನಡೆಯುತ್ತವೆ: ಗೊಂಬೆ ಅಂಗಡಿಯ ಲೆಕ್ಕ, ಮನೆಯ ಫೋಟೊಗಳು, ಕ್ಯಾಮೆರಾಗಳ ರೆಕಾರ್ಡಿಂಗ್.

ಮೂರಕ್ಕೂ ಇರುವುದು ಒಂದೇ ಕೇಬಲ್. ಅದನ್ನು ಹಂಚುವುದು ಬ್ರಿಡ್ಜ್, ಅಂದರೆ ತಂತ್ರಾಂಶದಲ್ಲೇ ಮಾಡಿದ ಸ್ವಿಚ್. ಒಂದು ತುದಿಗೆ ನಿಜವಾದ ಪೋರ್ಟ್, ಉಳಿದ ತುದಿಗಳಿಗೆ ನಮ್ಮ ಯಂತ್ರಗಳು. ರೂಟರ್‌ಗೆ ಅವು ಮೂರು ಬೇರೆ ಕಂಪ್ಯೂಟರ್‌ಗಳಂತೆಯೇ ಕಾಣುತ್ತವೆ.

ಆದರೆ ಅಗ್ಗದ ಕ್ಯಾಮೆರಾಗಳು ಅಪ್ಪನ ಲೆಕ್ಕದ ಹತ್ತಿರ ಸುಳಿಯಬಾರದು. ಅದಕ್ಕೇ ವಿಎಲ್‌ಎಎನ್. ಸಾಗುವ ಪ್ರತಿ ದತ್ತಾಂಶದ ಕಟ್ಟಿಗೂ 4 ಬೈಟ್‌ಗಳ ಚೀಟಿ ಅಂಟುತ್ತದೆ. ಅದರಲ್ಲಿ 1ರಿಂದ 4094ರವರೆಗಿನ ಒಂದು ಸಂಖ್ಯೆ. ಲೆಕ್ಕಕ್ಕೆ 10, ಕ್ಯಾಮೆರಾಗಳಿಗೆ 30 ಕೊಟ್ಟೆ. ಚೀಟಿ ಓದಬಲ್ಲ ಸ್ವಿಚ್ಚೇ ಬೇಕು, ಸಾಮಾನ್ಯದ್ದು ಸಾಲದು.

ಒಂದು ರಾತ್ರಿ ಅಟ್ಟದ ಆ ಕಂಪ್ಯೂಟರಿನ ಸ್ವಂತ ವಿಳಾಸವನ್ನೇ 10ಕ್ಕೆ ಸರಿಸಿಬಿಟ್ಟೆ. ಅದರ ಕೇಬಲ್ ಸೇರುವ ಸ್ವಿಚ್ಚಿನ ಪೋರ್ಟಿನಲ್ಲಿ ಇನ್ನೂ 10ಕ್ಕೆ ದಾರಿ ಬಿಟ್ಟಿರಲಿಲ್ಲ. ಲ್ಯಾಪ್‌ಟಾಪಿನಿಂದ ಒಳಹೋಗುವ ದಾರಿ ಮುಚ್ಚಿತು. ಅಟ್ಟ ಹತ್ತಿ, ಮಾನಿಟರ್ ಕೀಬೋರ್ಡ್ ಜೋಡಿಸಿ, ನೆಟ್‌ವರ್ಕ್ ಫೈಲನ್ನು ಕೈಯಾರೆ ತಿದ್ದಿದೆ. ಈಗ ಏನೇ ಬದಲಿಸುವ ಮುಂಚೆ ಆ ಫೈಲಿನ ಪ್ರತಿ ತೆಗೆದಿಡುತ್ತೇನೆ.

ಮಗಳಿಗೆ ಲಿನಕ್ಸ್ ಕಲಿಯುವ ಆಸೆ. ಅವಳಿಗಾಗಿ ಯಾವ ಪೋರ್ಟಿಗೂ ಸೇರದ ಬ್ರಿಡ್ಜ್ ಒಂದನ್ನು ಮಾಡಿದ್ದೇನೆ. ಅದರ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ; ಅಲ್ಲಿ ಏನು ಕೆಟ್ಟರೂ ಅಪ್ಪನ ಲೆಕ್ಕಕ್ಕೆ ತಟ್ಟುವುದಿಲ್ಲ.